ಕಾನಕಾನಹಳ್ಳಿಯ ಸೀಮೆಯನ್ನು ಹಾದ ವಿದ್ಯುತ್ತೂ ಅದರ ಗಣಿತವೂ

ಕ್ರಿ. ಶ. 1902ನೆಯ ಜೂನ್ 30ರಂದು ಶಿವನಸಮುದ್ರದ ಕಾವೇರೀಜಲಪಾತದ ಬಲದಿಂದ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತೆಂಬುದನ್ನು ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಹೇಳುವರು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವವು ಮುಗಿಯಲು ಆಗ ಕೆಲವೇ ವಾರಗಳು ಉಳಿದಿದ್ದುವು. ಇದಕ್ಕೆ ಆಶ್ರಯವಿತ್ತ ದಿವಾನ್ ಶೇಷಾದ್ರಿ ಅಯ್ಯರವರು ಹಿಂದಿನ ವರ್ಷವೇ ಕಾಲವಾಗಿದ್ದರು. ಯೋಜನೆಯನ್ನು ಹೂಡಿದಾತನು ಜೋಲಿ ಡಿ ಲಾಟ್ಬಿನಿಯರ್ ಎಂಬ ಇಂಜಿನಿಯರು. ಇಷ್ಟು ಸರ್ವವಿದಿತ. ಆದರೆ ಈಗ ಕನಕಪುರವೆನ್ನಿಸಿಕೊಳ್ಳುವ ಕಾನಕಾನಹಳ್ಳಿಯ ಸೀಮೆಯನ್ನು ಆ ತಂತಿಗಳು ದಾಟಿಹೋದರೂ, ಅವುಗಳ ಕೆಳಗಣ ಹಳ್ಳಿಗಳಲ್ಲಿ ಅಂದು ಎಣ್ಣೆಯ ದೀಪವೇ ಉರಿಯುತ್ತಿದ್ದುದು ಏತಕ್ಕೆಂಬುದನ್ನು ವಿಚಾರಿಸಿದವರು ವಿರಳ. ಸರಕಾರದ ಉಪೇಕ್ಷೆಯೆಂದು ಹೇಳಿಬಿಡುವುದು ಸುಲಭ. ಉತ್ತರದ ಬಹುಭಾಗವು ಗಣಿತದಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

ಆ ಗಣಿತದ ಮೂಲವು ಎರಡು ಸೂತ್ರಗಳು. ಜರ್ಮನಿ ದೇಶದಲ್ಲಿ ಪಾಠಶಾಲೆಯ ಉಪಾಧ್ಯಾಯನಾಗಿದ್ದ ಓಮ್ ಎಂಬಾತನು 1827ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂತಿಯ ಎರಡು ತುದಿಗಳ ನಡುವಣ ವಿದ್ಯುದ್‌ಒತ್ತಡಕ್ಕೆ ಅನುಗುಣವಾಗಿ ಪ್ರವಾಹವು ಹೆಚ್ಚುವುದೆಂದು ಸ್ಥಾಪಿಸಿದನು. ಸ್ವದೇಶದವರು ಬಹುಕಾಲ ಅವನನ್ನು ಆದರಿಸಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಒತ್ತಡವನ್ನು ವೋಲ್ಟುಗಳಲ್ಲಿಯೂ ಪ್ರವಾಹವನ್ನು ಆಂಪಿಯರುಗಳಲ್ಲಿಯೂ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಲಬ್ಧವೇ ರೋಧ. ಅದರ ಮಾನಕ್ಕೆ ಓಮನ ಹೆಸರನ್ನೇ ಇಟ್ಟಿರುವರು. ಆ ಎರಡನ್ನೇ ಒಂದರಿಂದೊಂದು ಗುಣಿಸಿದರೆ ಬರುವುದು ಸಾಮರ್ಥ್ಯ, ಅಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸ. ಅದರ ಮಾನ ವ್ಯಾಟು. ನೀರು ಕಾಯಿಸುವ ಸುರುಳಿಯೊಂದು 230 ವೋಲ್ಟಿನಲ್ಲಿ 10 ಆಂಪಿಯರನ್ನು ಎಳೆದರೆ ಅದರ ರೋಧ 23 ಓಮು, ಸಾಮರ್ಥ್ಯ 2,300 ವ್ಯಾಟು.

ಆದರೆ ಭಾಗಾಕಾರವನ್ನು ಕಂಡಕಂಡಲ್ಲಿ ಪ್ರಯೋಗಿಸತಕ್ಕದ್ದಲ್ಲ. ಚನ್ನಪಟ್ಟಣದ ಬೊಂಬೆಯ ಕೆಲಸಗಾರನು ಮರವನ್ನು ಕಡೆಯುವ ಚರಕಿಗೆ ಜೋಡಿಸಿದ ವಿದ್ಯುದ್ಯಂತ್ರವು ತಿರುಗುವಾಗ ತಾನೇ ಒಂದು ಎದುರೊತ್ತಡವನ್ನು ಹುಟ್ಟಿಸುವುದರಿಂದ, ಅಲ್ಲಿ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ಬಂದುದನ್ನು ಸುರುಳಿಯ ರೋಧವೆನ್ನಲಾಗದು. ಹಾಗೆಯೇ ಶಿವನಸಮುದ್ರದ 35,000 ವೋಲ್ಟನ್ನು ಪ್ರವಾಹದಿಂದ ಭಾಗಿಸಿದರೆ ದೊರೆಯುವುದು ತಂತಿಯ ರೋಧವಲ್ಲ. ತಂತಿ, ಗಣಿ ಎಲ್ಲವೂ ಸೇರಿದ ಒಟ್ಟು ಭಾರದ ಲೆಕ್ಕವದು. ದಾರಿಯಲ್ಲಿ ಎಷ್ಟು ವೋಲ್ಟು ಇಳಿಯಿತೋ ಅಷ್ಟನ್ನು ಮಾತ್ರ ಭಾಗಿಸಬೇಕು.

ನಮ್ಮ ಗಣಿತಶಾಸ್ತ್ರವನ್ನು ಓದಿದವರಿಗೆ ಇದು ಅಪರಿಚಿತವಾದ ಹಾದಿಯಲ್ಲ. ರೋಧವು ಸ್ಥಿರವಾಗಿದ್ದರೆ ಒತ್ತಡಕ್ಕೂ ಪ್ರವಾಹಕ್ಕೂ ಇರುವುದು ತ್ರೈರಾಶಿಕದ ಸಂಬಂಧ. ಸಾಮರ್ಥ್ಯವು ಸ್ಥಿರವಾಗಿದ್ದರೆ ಒಂದು ಹೆಚ್ಚಿದಷ್ಟೂ ಇನ್ನೊಂದು ತಗ್ಗುವ ವ್ಯಸ್ತತ್ರೈರಾಶಿಕ. ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ವ್ಯಸ್ತತ್ರೈರಾಶಿಕಕ್ಕೆ ಹೇಳಿದ ವಿಷಯಗಳಲ್ಲಿ ಚಿನ್ನದ ಬಣ್ಣಕ್ಕೂ ತೂಕಕ್ಕೂ ಇರುವ ಸಂಬಂಧವೂ ಒಂದು. ಚಿನ್ನದ ಗಣಿಗಾಗಿಯೇ ಎಳೆದ ತಂತಿಗೂ ಅದೇ ಸೂತ್ರವು ಒದಗಿದುದು ವಿನೋದವಾಗಿದೆ. ಆದರೆ ತಂತಿಯ ನಷ್ಟವು ತ್ರೈರಾಶಿಕಕ್ಕೆ ಸಿಕ್ಕುವುದಿಲ್ಲ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಸಾಮರ್ಥ್ಯವು ಬರಿಯ ಕಾವಾಗಿ ಹೋಗುವುದೆಂದು 1841ರಲ್ಲಿ ಜೌಲ್ ಎಂಬ ಆಂಗ್ಲೇಯನು ತೋರಿಸಿದನು. ಇಲ್ಲಿ ವರ್ಗವು ಬಂದುದೇ ಎಲ್ಲಕ್ಕೂ ಕೀಲು.

ಶಿವನಸಮುದ್ರದಲ್ಲಿ ಮೊದಲು ಹೂಡಿದ ಯಂತ್ರಗಳು ಆರು. ಒಂದೊಂದರ ಸಾಮರ್ಥ್ಯ 720 ಕಿಲೋವ್ಯಾಟು, ಒಟ್ಟು 4,320. ಲೆಕ್ಕದ ಸೌಕರ್ಯಕ್ಕಾಗಿ 3,500 ಕಿಲೋವ್ಯಾಟನ್ನು ಕಳುಹಿಸಬೇಕೆಂದೂ ದಾರಿಯ ರೋಧವು 20 ಓಮೆಂದೂ ಕಲ್ಪಿಸೋಣ. ನಿಜವಾದ ಮಾರ್ಗವು ಮೂರು ಎಳೆಗಳ ಪರ್ಯಾಯಪ್ರವಾಹದ್ದಾದುದರಿಂದ ಅದರ ಗಣಿತದಲ್ಲಿ ಬೇರೆ ಗುಣಕಗಳು ಸೇರುವುವು. ನ್ಯಾಯವು ಮಾತ್ರ ಒಂದೇ. ಒತ್ತಡವು 35,000 ವೋಲ್ಟಾದರೆ ಪ್ರವಾಹವು 100 ಆಂಪಿಯರು; 100ರ ವರ್ಗವನ್ನು 20ರಿಂದ ಗುಣಿಸಲು ನಷ್ಟವು 200 ಕಿಲೋವ್ಯಾಟು, ಎಂದರೆ ಸುಮಾರು ಹದಿನೇಳರಲ್ಲಿ ಒಂದು ಪಾಲು. ಒತ್ತಡವನ್ನು ಹತ್ತರಲ್ಲೊಂದಕ್ಕೆ, 3,500 ವೋಲ್ಟಿಗೆ, ಇಳಿಸಿದರೆ ಪ್ರವಾಹವು 1,000 ಆಂಪಿಯರಾಗಬೇಕು. ಆಗಿನ ನಷ್ಟ 20,000 ಕಿಲೋವ್ಯಾಟು! ಕಳುಹಿಸಿದುದಕ್ಕಿಂತ ಕಳೆದುದು ಹೆಚ್ಚಾಗುವುದು ಎಲ್ಲಿಯಾದರೂ ಉಂಟೆ? ಅಂತಹ ತಂತಿಯಲ್ಲಿ ಆ ಸಾಮರ್ಥ್ಯವನ್ನು ಕಳುಹಿಸುವುದೇ ಅಸಾಧ್ಯವೆಂದು ಇದರ ಅರ್ಥ. ನಷ್ಟವನ್ನು ಮೊದಲಿನಷ್ಟಕ್ಕೆ ನಿಲ್ಲಿಸಬೇಕಾದರೆ 92 ಮೈಲಿಯುದ್ದಕ್ಕೂ ನೂರುಪಟ್ಟು ತಾಮ್ರ ಬೇಕು. ಅಷ್ಟು ತಾಮ್ರವನ್ನು ಕೊಂಡು ಚಿನ್ನವನ್ನಗೆಯಲು ಯಾವ ಕಂಪೆನಿಯೂ ಒಪ್ಪದು.

ಆದಕಾರಣ 35,000 ವೋಲ್ಟೆಂಬುದು ಆಡಂಬರಕ್ಕಾಗಿ ಆರಿಸಿದ ಸಂಖ್ಯೆಯಲ್ಲ. ಆದರೆ ತಾಮ್ರವನ್ನುಳಿಸಿದ ಆ ಸಂಖ್ಯೆಯೇ ದಾರಿಯ ಊರುಗಳಿಗೆ ವಿದ್ಯುತ್ತನ್ನು ನಿಲುಕದಂತೆ ಮಾಡಿತು. ಅಂತಹ ತಂತಿಯಿಂದ ಒಂದು ಹಳ್ಳಿಯ ಹತ್ತಿಪ್ಪತ್ತು ದೀಪಗಳಿಗೆ ಕವಲೊಡೆಯಬೇಕಾದರೆ ಒತ್ತಡವನ್ನಿಳಿಸುವ ಪರಿವರ್ತಕ, ಅದನ್ನು ಕಾಯುವ ಸಿಬ್ಬಂದಿ, ಬೇರೆ ತಂತಿ, ಬೇರೆ ಕಂಬ ಇವೆಲ್ಲವೂ ಬೇಕು. ದೀಪಗಳಿಂದ ಬರುವ ಹಣದಿಂದ ಆ ವೆಚ್ಚವು ಹುಟ್ಟುವುದಿಲ್ಲ. ಒಂದೇ ಸ್ಥಳದಲ್ಲಿ ಸಾವಿರಾರು ಅಶ್ವಸಾಮರ್ಥ್ಯವನ್ನು ಕೊಳ್ಳುವ ಗಣಿಗೆ ಅದೇ ಪರಿವರ್ತಕವು ಅಲ್ಪವೆಚ್ಚ. 1905ನೆಯ ಆಗಸ್ಟ್ 5ರಂದು ದೀಪಗಳನ್ನು ಕಂಡ ಬೆಂಗಳೂರಿಗೂ ಇದೇ ನ್ಯಾಯ. ಅಲ್ಲಿ ಪೇಟೆಯೂ ದಂಡೂ ಸೇರಿ ಕೊಳ್ಳುವವರು ಗುಂಪಾಗಿದ್ದರು. ಮಾಗಡಿಯಲ್ಲಾಗಲಿ, ಆಗ ಕ್ಲೋಸ್‌ಪೇಟೆಯೆನ್ನಿಸಿಕೊಂಡಿದ್ದ ರಾಮನಗರದಲ್ಲಾಗಲಿ ಅಂತಹ ಗುಂಪು ಇರಲಿಲ್ಲ.

ಇಷ್ಟರಿಂದ ಸರಕಾರದ ಹೊಣೆಯು ಪೂರ್ತಿಯಾಗಿ ತೀರಿತೆಂದು ನಾವು ಹೇಳುವುದಿಲ್ಲ. ವೆಚ್ಚವು ಹುಟ್ಟದ ಕಡೆಯೂ ಕೆರೆಯನ್ನೋ ರಸ್ತೆಯನ್ನೋ ಮಾಡಿಸುವುದು ರಾಜಧರ್ಮವೆಂದು ನಮ್ಮ ಹಿರಿಯರು ಎಣಿಸಿದ್ದರು. ವಿದ್ಯುತ್ತನ್ನು ಆ ಸಾಲಿಗೆ ಸೇರಿಸದೆ ಗಣಿಯ ವ್ಯಾಪಾರದ ಸರಕೆಂದು ಎಣಿಸಿದುದು 1902ರ ನಿರ್ಣಯ, ಓಮನ ಸೂತ್ರವಲ್ಲ. ಚರಿತ್ರಕಾರನು ಈ ಎರಡನ್ನೂ ಬೇರ್ಪಡಿಸಿ ಬರೆಯಬೇಕಾಗಿದೆ.