ಚತುರಂಗದ ಮಣೆಯೂ ಗೋದಂತಿಯ ಗುಡ್ಡವೂ

ಚತುರಂಗವು ಭರತಖಂಡದಲ್ಲಿ ಹುಟ್ಟಿ, ಪಾರಸಿಕ ದೇಶದ ಮಾರ್ಗವಾಗಿ ಪಶ್ಚಿಮಕ್ಕೆ ಹೋಯಿತೆಂಬುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕೂ ಅಂಗಗಳು ಅದರಲ್ಲಿರುವವು. ಸೇನೆಯು ನಿಲ್ಲುವ ನೆಲ ಮಾತ್ರ ಇಲ್ಲ. ಆ 64 ಮನೆಗಳಲ್ಲಿ ಏರಿಲ್ಲ, ಇಳಿಜಾರಿಲ್ಲ, ಹೊಳೆಯಿಲ್ಲ. ಈ ಕೊರತೆಯು ಹೇಗೆ ತುಂಬಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆನು.

ಕ್ರಿ. ಶ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದ ಹೆಲ್ವಿಗ್ ಎಂಬ ಪಂಡಿತನು ಚತುರಂಗದ ಮಣೆಯನ್ನು ಬಹಳವಾಗಿ ಹಿಗ್ಗಿಸಿ, ಮನೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಇದು ಬೆಟ್ಟ, ಇದು ಜವುಗು, ಇದು ನೀರು ಎಂದು ಗೊತ್ತುಪಡಿಸಿದನು. ಆದರೂ ಆ ಬೆಟ್ಟವು ಬಣ್ಣವೇ ಹೊರತು ಎತ್ತರವಲ್ಲ. 1812ರಲ್ಲಿ ರೈಸ್ವಿಟ್ಸ್ ಎಂಬವನು ಪ್ರಶಿಯಾದ ಅರಸನಾದ ಮೂರನೆಯ ಫ್ರೆಡರಿಕ್ ವಿಲಿಯಮನಿಗೆ ಒಂದು ಮೇಜನ್ನು ಒಪ್ಪಿಸಿದನು. ಅದರ ಸೆಳೆಖಾನೆಗಳಲ್ಲಿ ಪ್ಲಾಸ್ಟರಿನಿಂದ ಮಾಡಿ ಬಣ್ಣ ಹಚ್ಚಿದ ಚೌಕ ಬಿಲ್ಲೆಗಳಿದ್ದವು. ಅವನ್ನು ಬೇಕಾದಂತೆ ಜೋಡಿಸಿದರೆ ಗುಡ್ಡ, ಹೊಳೆ, ದಾರಿಗಳುಳ್ಳ ಹೊಸ ಹೊಸ ನೆಲವು ಮೇಜಿನ ಮೇಲೆ ಏಳುವುದು. ಆತನ ಮಗನು 1824ರಲ್ಲಿ ಇದೇ ಆಟವನ್ನು ನಕಾಶೆಯ ಮೇಲೆ ಆಡುವಂತೆ ತಿದ್ದಲು, ಅದು ಸೈನ್ಯಾಧಿಕಾರಿಗಳ ಪಾಠವಾಯಿತು.

ಈ ಪ್ಲಾಸ್ಟರು ನಮಗೆ ಅಪರಿಚಿತ ವಸ್ತುವಲ್ಲ. ನಮ್ಮ ವೈದ್ಯರು ಗೋದಂತಿಯೆನ್ನುವ ಕಲ್ಲನ್ನೇ ಹದವಾಗಿ ಕಾಸಿ, ಅದರೊಳಗಿನ ನೀರಿನ ಮುಕ್ಕಾಲು ಪಾಲನ್ನು ಕಳೆದರೆ ಆ ಹಿಟ್ಟು ಆಗುವುದು. ಮತ್ತೆ ನೀರು ಬೆರೆಸಿದೊಡನೆ ಕಳೆದ ನೀರನ್ನು ಹೀರಿಕೊಂಡು ಕಲ್ಲಾಗುವುದು. ಗಟ್ಟಿಯಾಗುವಾಗ ತುಸು ಉಬ್ಬುವುದರಿಂದ ಅಚ್ಚಿನ ಸಣ್ಣ ಗೆರೆಯೂ ಅದರಲ್ಲಿ ಮೂಡುವುದು. ಇಂದಿಗೂ ಆಟದ ಹವ್ಯಾಸಿಗಳು ರಬ್ಬರಿನ ಅಚ್ಚಿನಲ್ಲಿ ಇಟ್ಟಿಗೆಗಳನ್ನೆರೆದು, ಅಂಟಿಸಿ, ಕೋಟೆ ಕಟ್ಟುವರು.

ನಮ್ಮ ಬೆಳಗಾವಿ ಸೀಮೆಯ ಮಕ್ಕಳು ದೀಪಾವಳಿಯಲ್ಲಿ ಅಂಗಳದಲ್ಲಿ ಕಲ್ಲು ಮಣ್ಣುಗಳಿಂದ ಕಿಲ್ಲೆ ಕಟ್ಟುವ ರೂಢಿಯೂ ಇದೇ ಜಾತಿಯದು. ಈಚೆಗೆ ಅಚ್ಚಿನಲ್ಲೆರೆದ ಕಿಲ್ಲೆಗಳು ಪೇಟೆಯಲ್ಲಿ ಸಿದ್ಧವಾಗಿಯೇ ಸಿಗುವವು. ನಾನು ಶಾಲೆಯಲ್ಲಿದ್ದಾಗ, ಮಣ್ಣಿನ ಕಿಲ್ಲೆ ಕಟ್ಟುತ್ತಿದ್ದ ಹುಡುಗನೊಬ್ಬನು, “ಗುರುಗಳೇ, ವೈರಿ ಸುತ್ತುಗಟ್ಟಿದರೆ ಒಳಗಿನವರಿಗೆ ನೀರೆಲ್ಲಿಯದು?” ಎಂದು ಕೇಳಿದನು. ಇಪ್ಪತ್ತು ವರ್ಷ ಇತಿಹಾಸ ಹೇಳಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಕೊಂಡು ತಂದ ಕಿಲ್ಲೆಯು ಅಂಥ ಪ್ರಶ್ನೆಯನ್ನು ಹುಟ್ಟಿಸಲಾರದು.

ಪ್ಲಾಸ್ಟರನ್ನು ನಾನು ನಿಂದಿಸುವುದಿಲ್ಲ. ಅಚ್ಚನ್ನು ಮಕ್ಕಳೇ ಮಾಡಲಿ, ಬಿಲ್ಲೆಗಳನ್ನು ಅವರೇ ಎರೆಯಲಿ. ಅದಕ್ಕೆ ಮೊದಲು ನಮ್ಮ ಹುಕ್ಕೇರಿ ತಾಲೂಕಿನ ವಲ್ಲಭಗಡವನ್ನು ಹತ್ತಿ, ಅದರ ಏರಿಳಿತವನ್ನು ಕಾಲಿನಿಂದ ಅರಿಯಲಿ. ಯಮಕನಮರಡಿಯ ಹೆಸರಿನಲ್ಲಿಯೇ ಮರಡಿಯಿರುವುದು, ಮರಡಿಯೆಂದರೆ ಗುಡ್ಡ. ಆ ಹೆಸರನ್ನು ದಿನವೂ ಬರೆಯುವ ಮಕ್ಕಳು ಸಪಾಟಾದ ಪುಟದಲ್ಲಿಯೇ ಇತಿಹಾಸವನ್ನು ಕಲಿತು ಮುಗಿಸುವುದು ಉಚಿತವಲ್ಲ.