ಕೈದಾಟಿ ಹೋದ ಪ್ರತಿಗಳು

ಎಕ್ಸೆಲ್ ಹಾಳೆಯ ಒಂದು ಚೌಕದಲ್ಲಿ 60 ಎಂದು ಬರೆದು, ಅದನ್ನು ದಿನಾಂಕವಾಗಿ ತೋರಿಸಲು ಹೇಳಿ ನೋಡಿ. 1900ರ ಫೆಬ್ರವರಿ 29 ಎಂದು ತೋರಿಸುತ್ತದೆ. ಅಂಥ ದಿನವೇ ಇರಲಿಲ್ಲ. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 1900 ಹಾಗೆ ಭಾಗವಾಗುವುದಿಲ್ಲ. ಈ ತಪ್ಪು 1983ರಲ್ಲಿ ಬಂದ ಲೋಟಸ್ 1-2-3 ತಂತ್ರಾಂಶದ್ದು. ಆಗ ಮಾರುಕಟ್ಟೆಯೆಲ್ಲ ಅದರ ಕೈಯಲ್ಲಿತ್ತು. ಅದರ ಕಡತಗಳು ತನ್ನಲ್ಲೂ ತೆರೆಯಬೇಕೆಂದು ಮೈಕ್ರೋಸಾಫ್ಟ್ ಗೊತ್ತಿದ್ದೇ ಆ ತಪ್ಪನ್ನು ಎಕ್ಸೆಲ್‌ಗೆ ತಂದುಕೊಂಡಿತು. ಈಗ ತಿದ್ದಿದರೆ ಜನರ ಬಳಿ ಇರುವ ಹಾಳೆಗಳ ಹೆಚ್ಚುಕಡಿಮೆ ಎಲ್ಲ ದಿನಾಂಕಗಳೂ ಒಂದು ದಿನದಷ್ಟು ಸರಿದುಹೋಗುತ್ತವೆ. ಆದ್ದರಿಂದ ಅದು ಹಾಗೇ ಉಳಿದಿದೆ.

1993ರಲ್ಲಿ ಎಕ್ಸೆಲ್‌ನೊಳಗೆ ವಿಬಿಎ ಎಂಬ ಮ್ಯಾಕ್ರೋ ಭಾಷೆ ಬಂತು. ಅದು ಈ ಸುಳ್ಳು ದಿನವನ್ನು ಒಪ್ಪಲಿಲ್ಲ; ಬದಲಿಗೆ ತನ್ನ ಎಣಿಕೆಯ ಆರಂಭವನ್ನೇ ಒಂದು ದಿನ ಹಿಂದಕ್ಕೆ ಇಟ್ಟುಕೊಂಡಿತು. ಹಾಗಾಗಿ 1 ಎಂಬ ಅಂಕಿ ಹಾಳೆಗೆ 1900ರ ಜನವರಿ 1, ಮ್ಯಾಕ್ರೋಗೆ 1899ರ ಡಿಸೆಂಬರ್ 31. 1900ರ ಮಾರ್ಚ್ 1ರಿಂದ ಮುಂದೆ ಇಬ್ಬರ ಲೆಕ್ಕವೂ ಒಂದೇ. ಆ ಎರಡು ತಿಂಗಳು ಯಾರಿಗೆ ಬೇಕು ಎನ್ನಬಹುದು. ನನಗೆ ಬೇಕು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಮತ್ತು ಅದರ ಮುಂದಿನ ವರ್ಷಗಳು ನನ್ನ ಸಂಶೋಧನೆಯ ವಿಷಯ. 1900ಕ್ಕಿಂತ ಹಿಂದಿನದನ್ನು ಎಕ್ಸೆಲ್ ಹಾಳೆ ದಿನಾಂಕವೆಂದೇ ಒಪ್ಪುವುದಿಲ್ಲ. 1900ರ ಜನವರಿ 1ರ ಸೋಮವಾರವನ್ನು ಭಾನುವಾರ ಎನ್ನುತ್ತದೆ. ನಾನು ಆ ದಿನಾಂಕಗಳನ್ನು ಬರೀ ಅಕ್ಷರಗಳಾಗಿ ಬರೆದಿಡುತ್ತೇನೆ.

ಗ್ರಂಥಸಂಪಾದನೆ ಓದಿದವರಿಗೆ ಈ ಕಥೆ ಹೊಸದಲ್ಲ. ಓಲೆಗರಿಯ ಪ್ರತಿಕಾರ ಒಂದು ಅಕ್ಷರ ತಪ್ಪಿದರೆ, ಆ ಪ್ರತಿಯಿಂದ ಹುಟ್ಟಿದ ಪ್ರತಿಗಳೆಲ್ಲ ಅದೇ ತಪ್ಪನ್ನು ಹೊತ್ತು ಸಾಗುತ್ತವೆ. ಮೂಲವನ್ನು ತಿದ್ದಿದರೆ ಊರೂರಿಗೆ ಹೋದ ಪ್ರತಿಗಳು ತಿದ್ದಿಕೊಳ್ಳುವುದಿಲ್ಲ. ಮ್ಯಾಕ್ರೋ ಇರುವ ಕಡತದ ಹಣೆಬರಹವೂ ಇದೇ. ಆದೇಶಗಳು ದತ್ತಾಂಶದ ಜೊತೆ ಅದೇ ಕಡತದಲ್ಲಿ ಕೂತಿರುತ್ತವೆ. ಕಡತವನ್ನು ನಲವತ್ತು ಜನರಿಗೆ ಕಳಿಸಿದರೆ ಆದೇಶಗಳ ನಲವತ್ತು ಪ್ರತಿಗಳು ಹುಟ್ಟುತ್ತವೆ. ಪ್ರತಿಯೊಬ್ಬರೂ ತಮ್ಮದರಲ್ಲಿ ಹೊಸ ದತ್ತಾಂಶ ತುಂಬಿರುತ್ತಾರೆ. ಆಮೇಲೆ ತಿದ್ದಿದ ಕಡತವನ್ನು ಕಳಿಸಿದರೆ ಅವರು ತುಂಬಿದ್ದು ಅದರಲ್ಲಿ ಇರುವುದಿಲ್ಲ.

ಇಂಥ ತಪ್ಪಿಗೆ ಒಂದು ಉದಾಹರಣೆ. ಎಕ್ಸೆಲ್ 97ರಿಂದ ಹಾಳೆಗೆ 65,536 ಸಾಲುಗಳಿದ್ದವು. ಕೊನೆಯ ನಮೂದು ಎಲ್ಲಿದೆ ಎಂದು ತಿಳಿಯಲು ಮ್ಯಾಕ್ರೋ ಬರೆಯುವವರು 65,536ನೇ ಸಾಲಿನಿಂದ ಮೇಲಕ್ಕೆ ಹುಡುಕುವ ಆದೇಶ ಕೊಡುತ್ತಿದ್ದರು. ಅಂದಿಗೆ ಅದು ಸರಿಯೇ. 2007ರಲ್ಲಿ ಸಾಲುಗಳು 10,48,576ಕ್ಕೆ ಏರಿದವು. ಈಗ ಹೊಸ ಹಾಳೆಯಲ್ಲಿ ಎಂಬತ್ತು ಸಾವಿರ ಸಾಲುಗಳು ಎಡೆಬಿಡದೆ ತುಂಬಿದ್ದರೆ, ಹಳೆಯ ಆದೇಶ ನಡುಮಧ್ಯೆ ಹೊರಟು ನೇರ ಮೊದಲ ಸಾಲಿಗೆ ಹೋಗಿ ನಿಲ್ಲುತ್ತದೆ. ಹಾಳೆ ಖಾಲಿಯಿದೆ ಎಂದುಕೊಂಡು ಎರಡನೇ ಸಾಲಿನ ಮೇಲೆಯೇ ಹೊಸದನ್ನು ಬರೆಯುತ್ತದೆ. ಯಾವ ಎಚ್ಚರಿಕೆಯೂ ಇಲ್ಲ. ಎಷ್ಟು ಸಾಲುಗಳಿವೆ ಎಂದು ಹಾಳೆಯನ್ನೇ ಕೇಳುವಂತೆ ಬರೆದರೆ ತೊಂದರೆ ತೀರುತ್ತದೆ. ತಿದ್ದುಪಡಿ ಒಂದೇ ಪದದ್ದು. ತಿದ್ದಬೇಕಾದ ಪ್ರತಿಗಳು ಎಲ್ಲೆಲ್ಲಿವೆ ಎಂಬುದೇ ಕಷ್ಟದ ಪ್ರಶ್ನೆ.

ಇದಕ್ಕೆ ಮದ್ದು ಹಂಚುವ ಮೊದಲೇ ಆಗಬೇಕು. ಆದೇಶಗಳನ್ನು ಆಡ್-ಇನ್ ಎಂಬ ಬೇರೆ ಕಡತದಲ್ಲಿ, ಎಲ್ಲರೂ ಬಳಸುವ ಒಂದೇ ಜಾಗದಲ್ಲಿ ಇಟ್ಟರೆ ತಿದ್ದುವ ಕೆಲಸ ಒಂದು ಕಡೆ ಮುಗಿಯುತ್ತದೆ. ದತ್ತಾಂಶ ಅವರವರ ಬಳಿಯೇ ಇರುತ್ತದೆ. ಈಗಾಗಲೇ ಹಂಚಿದ್ದರೆ, ಹಳೆಯ ಕಡತದಿಂದ ದತ್ತಾಂಶವನ್ನು ಹೊಸದಕ್ಕೆ ಸಾಗಿಸುವ ದಾರಿಯನ್ನೂ ಜೊತೆಗೆ ಕೊಡಬೇಕು. ಆವೃತ್ತಿಯ ಸಂಖ್ಯೆಯನ್ನು ಹಾಳೆಯ ಮೇಲೆ ಕಾಣುವಂತೆ ಬರೆಯಬೇಕು.

ಆದರೆ ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ಬೇಕೆನಿಸುತ್ತದೆ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಕೋವಿಡ್ ಲೆಕ್ಕ ತಪ್ಪಿತು. ಪ್ರಯೋಗಾಲಯಗಳ ಫಲಿತಾಂಶ ತಂತಾನೆ ಹಳೆಯ ಮಾದರಿಯ ಎಕ್ಸೆಲ್ ಕಡತಕ್ಕೆ ಬಂದು ಬೀಳುತ್ತಿತ್ತು. ಅದರ ಮಿತಿ ಅದೇ 65,536 ಸಾಲು. ಮಿತಿ ದಾಟಿದ್ದು ಸದ್ದಿಲ್ಲದೆ ಬಿಟ್ಟುಹೋಯಿತು. ಸೋಂಕಿತರಿಗೆ ಅವರವರ ಫಲಿತಾಂಶ ತಲುಪಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಮಾತ್ರ ತಡವಾಯಿತು. ಆ ರೋಗದಲ್ಲಿ ನಾಲ್ಕು ದಿನ ಸಣ್ಣ ಮಾತಲ್ಲ. ಕಡತಗಳನ್ನು ಚಿಕ್ಕದಾಗಿ ಒಡೆದು ಅವರು ತಪ್ಪನ್ನು ಸರಿಪಡಿಸಿದರು. ಜೊತೆಗೆ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಪ್ರಕರಣಗಳು ದೈನಿಕ ಲೆಕ್ಕದಿಂದ ಬಿಟ್ಟುಹೋಗಿದ್ದವು ಎಂದು ಪ್ರಕಟಿಸಿದರು.

ಆ ಒಂದು ಸಾಲು ಇಲ್ಲದಿದ್ದರೆ, ನೂರು ವರ್ಷದ ಮೇಲೆ ಈ ಅಂಕಿಗಳನ್ನು ಓದುವವರು ಸೋಂಕು ಆ ವಾರ ತಗ್ಗಿತ್ತು, ಮರುದಿನ ದಿಢೀರನೆ ಏರಿತು ಎಂದು ಬರೆದಾರು. ಪ್ಲೇಗಿನ ಪಟ್ಟಿಗಳನ್ನು ಓದುವಾಗ ನಾನು ಹುಡುಕುವುದೂ ಅಂಥ ಸಾಲುಗಳನ್ನೇ. ತಿದ್ದಿದ ಕಡತ ಕಳಿಸುವವರು ಇಷ್ಟನ್ನು ಸೇರಿಸಿದರೆ ಸಾಕು: ಹಳೆಯದು ಯಾವ ದಿನದಿಂದ ಯಾವ ದಿನದವರೆಗೆ, ಯಾವ ಲೆಕ್ಕವನ್ನು ತಪ್ಪಾಗಿ ತೋರಿಸಿತ್ತು.