ಪದಕ ಸಿಕ್ಕಿದ್ದು ಏಳು ಸಲ, ದೋಣಿ ಇಳಿಸಿದ್ದು 387 ಸಲ

ಮಳೆಗಾಲದಲ್ಲಿ ಯಾರಾದರೂ ಹೊಳೆಗೆ ಬಿದ್ದರೆ ನಮ್ಮ ಕಡೆ ಮೊದಲು ಫೋನ್ ಹೋಗುವುದು ಊರಿನ ಈಜುಗಾರರಿಗೆ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ದಳದ ಗಾಡಿ ಬರುವಷ್ಟರಲ್ಲಿ ಅವರು ನೀರಿಗೆ ಇಳಿದಾಗಿರುತ್ತದೆ. ಮರುದಿನ ಸುದ್ದಿ ಬರೆಯುವ ನಾವು 'ಸ್ಥಳೀಯರ ನೆರವಿನಿಂದ ಮೇಲೆತ್ತಲಾಯಿತು' ಎಂದು ಒಂದು ಸಾಲು ಸೇರಿಸಿ ಮುಗಿಸುತ್ತೇವೆ. ಆ ಸ್ಥಳೀಯರು ಯಾರು? ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ? ಅದರಿಂದ ಅವರಿಗೆ ಸಿಕ್ಕಿದ್ದಾದರೂ ಏನು? ಈ ಕೊನೆಯ ಪ್ರಶ್ನೆ ಹಿಡಿದುಕೊಂಡು ಓದಲು ಕೂತಾಗ ನಮಗೆ ಎದುರಾದದ್ದು ಇಂಗ್ಲೆಂಡಿನ ಕರಾವಳಿಯ ಒಬ್ಬ ಏಡಿ ಹಿಡಿಯುವವರ ಬದುಕು.

ಮೊದಲು ಅವರು ಸೇರಿದ ಸಂಸ್ಥೆಯ ಬಗ್ಗೆ ಸ್ವಲ್ಪ ಹೇಳಬೇಕು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ವಿಲಿಯಂ ಹಿಲರಿ ಎಂಬವರು ಕಣ್ಣೆದುರೇ ಹಡಗುಗಳು ಒಡೆದು ಜನ ಸಾಯುವುದನ್ನು ನೋಡಿ, 1823ರಲ್ಲಿ ಒಂದು ಮನವಿಯ ಪುಸ್ತಿಕೆ ಅಚ್ಚು ಹಾಕಿಸಿದರು. ಮರುವರ್ಷ, 1824ರ ಮಾರ್ಚ್ 4ರಂದು, ಲಂಡನ್ನಿನಲ್ಲಿ ಸಭೆ ಸೇರಿ ಸಂಸ್ಥೆ ಹುಟ್ಟಿತು. ಇಂದು ಅದರ ಹೆಸರು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ವ್ಯವಸ್ಥೆ ಸರಳ: ದೋಣಿಗೆ ದುಡ್ಡು ಜನರ ದೇಣಿಗೆಯಿಂದ, ದೋಣಿ ನಡೆಸುವ ಕೈಗಳು ಆಯಾ ಊರಿನವರದು. ನಡುವೆ ಕೆಲವು ವರ್ಷ ಪಡೆದಿದ್ದ ಸರ್ಕಾರದ ಹಣವನ್ನು ಸಂಸ್ಥೆ 1869ರಲ್ಲಿ ತಾನಾಗಿಯೇ ಬಿಟ್ಟುಕೊಟ್ಟಿತು. ಇವತ್ತಿಗೂ ಅದರ ದೋಣಿಗಳಲ್ಲಿ ಹೋಗುವವರು ಬಹುಪಾಲು ಸ್ವಯಂಸೇವಕರೇ.

ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಸೀಮೆಯಲ್ಲಿ ಕ್ರೋಮರ್ ಎಂಬ ಊರಿದೆ. ಅಲ್ಲಿ 1876ರಲ್ಲಿ ಹುಟ್ಟಿದವರು ಹೆನ್ರಿ ಬ್ಲಾಗ್. (ನಾವು ಬರೆಯುವ ಬ್ಲಾಗಿಗೂ ಆ ಮನೆತನದ ಹೆಸರಿಗೂ ನಂಟಿಲ್ಲ. ಗೊಂದಲ ಬೇಡವೆಂದು ಮುಂದೆ ಹೆನ್ರಿ ಎಂದೇ ಕರೆಯುತ್ತೇವೆ.) ಶಾಲೆಯನ್ನು ಬೇಗ ಬಿಟ್ಟರು. ಏಡಿ ಹಿಡಿಯುವುದು ಕಸುಬು. ಬೇಸಿಗೆಯಲ್ಲಿ ಸಮುದ್ರ ನೋಡಲು ಬರುವವರಿಗೆ ಕುರ್ಚಿ ಬಾಡಿಗೆ ಕೊಡುವುದು ಉಪಕಸುಬು. 1894ರಲ್ಲಿ, ಹದಿನೆಂಟರ ವಯಸ್ಸಿಗೆ, ಊರಿನ ಲೈಫ್‌ಬೋಟಿಗೆ ಸೇರಿದರು. 1909ರಲ್ಲಿ ಅದರ ಚುಕ್ಕಾಣಿ ಅವರ ಕೈಗೆ ಬಂತು. ನಮ್ಮ ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ಅವರು ಆ ದೋಣಿಯ ತಾಂಡೇಲ. 1947ರಲ್ಲಿ, 71ನೇ ವಯಸ್ಸಿನಲ್ಲಿ, ಕೆಳಗಿಳಿದರು. ಒಟ್ಟು 53 ವರ್ಷ, 387 ಕರೆ, ಉಳಿದ ಜೀವ 873. ಇಷ್ಟು ಮಾಡಿದ ಮನುಷ್ಯನಿಗೆ ಈಜು ಬರುತ್ತಿರಲಿಲ್ಲ.

ಅವರ ಹೆಸರು ಮೊದಲು ದೇಶಕ್ಕೆ ಗೊತ್ತಾದದ್ದು 1917ರ ಜನವರಿ 9ರಂದು. ಯುದ್ಧಕಾಲ. ಹರೆಯದವರೆಲ್ಲ ಸೈನ್ಯಕ್ಕೆ ಹೋಗಿದ್ದರು, ದೋಣಿಯಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರು. ಅದು ಇಂಜಿನ್ ಇಲ್ಲದ, ಹುಟ್ಟು ಹಾಕುವ ದೋಣಿ. ದಡದಲ್ಲಿ ಹತ್ತಾರು ಜನ ನೀರಿಗಿಳಿದು ತಳ್ಳಿದರೆ ಮಾತ್ರ ಹೊರಡುತ್ತಿತ್ತು. ಬೆಳಿಗ್ಗೆ ಗ್ರೀಸ್ ದೇಶದ ಪೈರಿನ್ ಹಡಗಿನಿಂದ 16 ಜನರನ್ನು ತಂದು ದಡ ಮುಟ್ಟಿಸಿದರು. ಅಷ್ಟರಲ್ಲಿ ಸ್ವೀಡನ್ನಿನ ಫರ್ನೆಬೊ ಎಂಬ ಹಡಗು ಸ್ಫೋಟವಾಗಿ ಎರಡು ತುಂಡಾಯಿತು. ದಣಿದ ಅದೇ ಮೈಗಳು ಮತ್ತೆ ದೋಣಿ ಹತ್ತಿದವು. ಅಲೆ ಅವರನ್ನು ದಡಕ್ಕೇ ತಂದು ಎಸೆಯಿತು, ಹುಟ್ಟುಗಳು ಮುರಿದವು. ಬೇರೆ ಹುಟ್ಟು ತಂದು ಮತ್ತೆ ಹೋದರು. ರಾತ್ರಿಯ ಹೊತ್ತಿಗೆ ಇನ್ನೂ 11 ಜನ ದಡ ಸೇರಿದ್ದರು. ಹೆನ್ರಿಗೆ ಸಂಸ್ಥೆಯ ಚಿನ್ನದ ಪದಕ ಬಂತು.

ಮುಂದೆ 1927 ಮತ್ತು 1941ರಲ್ಲಿ ಇನ್ನೆರಡು ಚಿನ್ನ. 1932, 1933, 1939, 1941ರಲ್ಲಿ ನಾಲ್ಕು ಬೆಳ್ಳಿ. ಇದಲ್ಲದೆ ಜಾರ್ಜ್ ಕ್ರಾಸ್ ಕೂಡ ಬಂತು. ಬ್ರಿಟನ್ನಿನ ಲೈಫ್‌ಬೋಟ್ ಇತಿಹಾಸದಲ್ಲಿ ಇಷ್ಟು ಗೌರವ ಇನ್ನೊಬ್ಬರಿಗೆ ಸಿಕ್ಕಿಲ್ಲ.

ನಾವು ತಡೆದು ನಿಂತದ್ದು ಇಲ್ಲಿ. ಸಂಸ್ಥೆಯ ಪದಕ ಏಳು, ಕರೆ 387. ಅಂದರೆ 380 ಸಲ ಅವರು ಹೋಗಿ ಬಂದದ್ದಕ್ಕೆ ಪದಕ ಇಲ್ಲ. ಸರಾಸರಿ ಹಾಕಿದರೆ ವರ್ಷಕ್ಕೆ ಏಳು ಕರೆ. ಪ್ರತಿ ಸಲವೂ ಹಾಸಿಗೆಯಿಂದಲೋ ಬಲೆಯ ಕೆಲಸದ ನಡುವಿನಿಂದಲೋ ಎದ್ದು ಓಡಬೇಕು. ಹೊರಟರೆ ಸಂಸ್ಥೆ ಕೊಡುತ್ತಿದ್ದುದು ಸಣ್ಣ ಭತ್ಯೆ, ಸಂಸಾರ ನಡೆಯುತ್ತಿದ್ದುದು ಏಡಿಯಿಂದಲೇ. ಹಾಗಾದರೆ ಆ 380 ಸಲದಿಂದ ಸಿಕ್ಕಿದ್ದೇನು?

ಒಂದು ಉತ್ತರ 1933ರ ಡಿಸೆಂಬರಿನಲ್ಲಿದೆ. ಸೆಪಾಯ್ ಎಂಬ ಸರಕು ದೋಣಿ ಕ್ರೋಮರ್ ದಡದ ಹತ್ತಿರವೇ ಮುಳುಗುತ್ತಿತ್ತು. ಅದರಲ್ಲಿ ಇಬ್ಬರಿದ್ದರು. ಅಲೆಯ ಹೊಡೆತಕ್ಕೆ ಪಕ್ಕದಲ್ಲಿ ನಿಲ್ಲುವುದು ಸಾಧ್ಯವಿರಲಿಲ್ಲ. ಹೆನ್ರಿ ತಮ್ಮ ಮೋಟಾರು ದೋಣಿಯನ್ನು ನೇರವಾಗಿ ಮುಳುಗುತ್ತಿದ್ದ ದೋಣಿಯ ಮೇಲಕ್ಕೇ ಏರಿಸಿ, ಒಬ್ಬೊಬ್ಬರನ್ನಾಗಿ ಎಳೆದುಕೊಂಡರು. ಎಂಟು ವರ್ಷದ ನಂತರ, 1941ರ ಆಗಸ್ಟ್ 6ರಂದು, ಹೇಸ್‌ಬರೊ ಎಂಬ ಮರಳು ದಿಬ್ಬದ ಮೇಲೆ ಆರು ಹಡಗುಗಳು ಒಟ್ಟಿಗೆ ಸಿಕ್ಕಿಬಿದ್ದವು. ಅಲ್ಲಿಯೂ ಅವರು ನೀರಿನಡಿ ಹೋಗಿದ್ದ ಹಡಗಿನ ಅಟ್ಟದ ಮೇಲೆಯೇ ದೋಣಿ ನುಗ್ಗಿಸಿ ಜನರನ್ನು ಇಳಿಸಿಕೊಂಡರು. ಅಂದು ಅವರ ದೋಣಿ ಒಂದೇ 88 ಜನರನ್ನು ಉಳಿಸಿತು. ಇಬ್ಬರಿಗಾಗಿ ಮಾಡಿದ ಸಾಹಸ ಎಂಟು ವರ್ಷದ ನಂತರ ಎಂಬತ್ತೆಂಟು ಜನರ ಕೆಲಸಕ್ಕೆ ಬಂತು. ಯಾವ ದಿಬ್ಬ ಎಲ್ಲಿದೆ, ಯಾವ ಗಾಳಿಗೆ ನೀರು ಹೇಗೆ ತಿರುಗುತ್ತದೆ, ತನ್ನ ದೋಣಿ ಎಷ್ಟು ತಡೆದೀತು ಎಂಬ ತಿಳಿವಳಿಕೆ ತರಬೇತಿ ಶಿಬಿರದಲ್ಲಿ ಒಂದು ವಾರದಲ್ಲಿ ಬರುವಂಥದ್ದಲ್ಲ. ಬರಿಗೈಯಲ್ಲಿ ತಿರುಗಿ ಬಂದ ರಾತ್ರಿಗಳೂ ಅದನ್ನು ಕಲಿಸಿರುತ್ತವೆ.

ಇನ್ನೊಂದು ಉತ್ತರ ಅದೇ ವರ್ಷದ ಅಕ್ಟೋಬರಿನಲ್ಲಿದೆ. ಇಂಗ್ಲಿಷ್ ಟ್ರೇಡರ್ ಎಂಬ ಹಡಗಿನ ಬಳಿ ಹೋದಾಗ ದೊಡ್ಡ ಅಲೆಯೊಂದು ಲೈಫ್‌ಬೋಟನ್ನು ಮಗುಚುವಂತೆ ಬಡಿಯಿತು. ಐವರು ಸಮುದ್ರಕ್ಕೆ ಬಿದ್ದರು. ಅವರಲ್ಲಿ 65 ವರ್ಷದ ಹೆನ್ರಿಯೂ ಒಬ್ಬರು. ಸಂಗಾತಿಗಳು ಎಲ್ಲರನ್ನೂ ಮೇಲೆಳೆದರು, ಆದರೆ ಒಬ್ಬರು ಬದುಕಲಿಲ್ಲ. ಮರುದಿನ ಬೆಳಿಗ್ಗೆ ಕ್ರೋಮರ್ ದೋಣಿ ಮತ್ತೆ ಅದೇ ಹಡಗಿನತ್ತ ಹೊರಟಿತು, 44 ಜನರನ್ನು ಕರೆತಂದಿತು. ಈಜು ಬಾರದ ಮುದುಕನನ್ನು ನೀರಿನಿಂದ ಎತ್ತಿದ ಕೈಗಳೂ, ಸಾವು ನೋಡಿದ ಮರುದಿನ ಅದೇ ಮುದುಕನ ಹಿಂದೆ ದೋಣಿ ಹತ್ತಿದ ಕಾಲುಗಳೂ ಒಂದೇ ಊರಿನವು. ಅಷ್ಟು ನಂಬಿಕೆ ಗಳಿಸಲು ಪದಕ ತೋರಿಸಿದರೆ ಸಾಲದು, ವರ್ಷಗಟ್ಟಲೆ ಜೊತೆಗೆ ಹೋಗಿ ಬರಬೇಕು.

ಚಿಕ್ಕ ಸಂತೋಷಗಳೂ ಇದ್ದವು. 1932ರಲ್ಲಿ ಇಟಲಿಯ ಮಾಂಟೆ ನೆವೊಸೊ ಹಡಗಿನಲ್ಲಿ ಉಳಿದಿದ್ದ ನಾಯಿಯೊಂದನ್ನು ಹೆನ್ರಿ ಕರೆತಂದರು. ಅದಕ್ಕೆ ಮಾಂಟೆ ಎಂದೇ ಹೆಸರಿಟ್ಟು ಮನೆಯಲ್ಲಿ ಸಾಕಿಕೊಂಡರು.

ಅವರು ಇಳಿದ ಮೇಲೆ ಚುಕ್ಕಾಣಿ ಹಿಡಿದವರು ಅವರ ದೋಣಿಯಲ್ಲೇ ಪಳಗಿದ ಬಂಧು ಹೆನ್ರಿ ಡೇವೀಸ್. ಊರವರ ಬಾಯಲ್ಲಿ ಅವರು 'ಶ್ರಿಂಪ್', ಅಂದರೆ ಸಿಗಡಿ. ಅವರು 1976ರವರೆಗೆ ನಡೆಸಿದರು. ಅದರಲ್ಲಿ ಬಹುಕಾಲ ಅವರು ನಡೆಸಿದ ದೋಣಿಯ ಹೆಸರೇ 'ಹೆನ್ರಿ ಬ್ಲಾಗ್'.

ಇದು ಒಬ್ಬ ಅಪರೂಪದ ವ್ಯಕ್ತಿಯ ಕತೆ ಮಾತ್ರ ಎನ್ನಬಹುದು. ಹಾಗಲ್ಲ ಎನ್ನುವುದಕ್ಕೆ ಅದೇ ದೇಶದ ಇನ್ನೊಂದು ತುದಿಯ ಊರು ಸಾಕ್ಷಿ. ಕಾರ್ನ್‌ವಾಲ್ ಸೀಮೆಯ ಮೌಜಲ್ ಹಳ್ಳಿಯ ಎಂಟು ಸ್ವಯಂಸೇವಕರು 1981ರ ಡಿಸೆಂಬರ್ 19ರ ರಾತ್ರಿ ಯೂನಿಯನ್ ಸ್ಟಾರ್ ಹಡಗಿನವರನ್ನು ಉಳಿಸಲು ಹೋದರು. ದೋಣಿಯೂ ಹಡಗೂ ನಾಶವಾದವು, ಎಂಟೂ ಜನ ತಿರುಗಿ ಬರಲಿಲ್ಲ. ಒಂದು ದಿನ ಕಳೆಯುವುದರೊಳಗೆ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಅದೇ ಹಳ್ಳಿಯಿಂದ ಮುಂದೆ ಬಂದರು. ಈ ಸೇವೆ ಕೇಳುವ ಬೆಲೆ ಎಷ್ಟೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಮಾತು ನಮ್ಮ ವೃತ್ತಿಗೆ ಸೇರಿದ್ದು. 387 ಎಂಬ ಅಂಕಿ ನಮಗೆ ಸಿಕ್ಕಿದ್ದು ಪ್ರತಿ ಸಲ ದೋಣಿ ಇಳಿದಾಗಲೂ ಯಾರೋ ಬರೆದಿಟ್ಟದ್ದರಿಂದ. ಆ ಸಂಸ್ಥೆ 1852ರಿಂದಲೇ ತನ್ನದೊಂದು ಪತ್ರಿಕೆ ನಡೆಸಿಕೊಂಡು ಬಂದಿದೆ. ನಮ್ಮ ಹೊಳೆಗಳಲ್ಲಿ ಮುಳುಗೆದ್ದವರಲ್ಲಿ ಇಂಥ ಲೆಕ್ಕದ ಪುಸ್ತಕ ಇಟ್ಟವರನ್ನು ನಾವಿನ್ನೂ ಕಂಡಿಲ್ಲ. ಕೇಳಿದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ, ನಾವೂ ಅಲ್ಲಿಗೇ ಬಿಡುತ್ತೇವೆ. ಈ ಮಳೆಗಾಲ ಹಾಗೆ ಬಿಡಬಾರದು ಎಂದುಕೊಂಡಿದ್ದೇವೆ. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಊರಿನ ಈಜುಗಾರರ ಜೊತೆ ಕೂತು, ನೆನಪಿದ್ದಷ್ಟನ್ನು ತಾರೀಕು ಹಾಕಿ ಬರೆದುಕೊಳ್ಳುತ್ತೇವೆ. ಯಾರನ್ನು ಉಳಿಸಿದರು ಎಂಬುದನ್ನಷ್ಟೇ ಅಲ್ಲ, ಯಾವ ಯಾವ ದಿನ ಬರಿಗೈಯಲ್ಲಿ ಮನೆಗೆ ಬಂದರು ಎಂಬುದನ್ನೂ.